ಟೈಲರ್ ಅಂಗಡಿಯ ಆಟದೊಳಗೆ ಠಿಕಾಣಿ ಹೂಡಿರುವ ಕೋಳಿಯವರಿಗೆ

ಮಾನ್ಯರೇ,

ತಮ್ಮ ಜುಟ್ಟಿಗೂ ಪುಕ್ಕಕ್ಕೂ, ಅವೆರಡರ ನಡುವೆ ಹರಡಿಕೊಂಡಿರುವ ಘನ ವ್ಯಕ್ತಿತ್ವಕ್ಕೂ ಬೇರೆ ಬೇರೆಯಾಗಿ ನಮಸ್ಕಾರಗಳು. ನಾನು ಅಕ್ಕನ ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಲೇ ಮುದುಕನಾದವನು; ಅಲ್ಲಿ ಕತ್ತರಿ ಅಕ್ಕನದು, ಕತ್ತರಿಯಂಥ ಬಾಯಿ ಮಾತ್ರ ನನ್ನದು. ಈಚೆಗೆ ಅಕ್ಕನ ಕೈ ನಡುಗತೊಡಗಿ, ಯಾರದೋ ಕೋಟಿನ ತೋಳು ಓರೆಯಾದ ದಿನ ಅವಳು ಕತ್ತರಿಯನ್ನು ಡ್ರಾಯರಿಗೆ ಹಾಕಿ, ಡ್ರಾಯರಿಗೆ ಬೆನ್ನು ಹಾಕಿ ಕುಳಿತುಬಿಟ್ಟಳು. ವಿಡಿಯೋ ಗೇಮ್ ಮಾಡುವ ಕೆಲಸದ ಅವಳ ಮಗಳು, ಅಂಗಡಿಯನ್ನೇ ಒಂದು ಆಟ ಮಾಡಿಕೊಡುತ್ತೇನೆ, ಅಲ್ಲಿ ಕೈ ನಡುಗಿದರೂ ಬಟ್ಟೆ ನೆಟ್ಟಗೆ ಕತ್ತರಿಸುತ್ತದೆ ಎಂದಳು. ಅಕ್ಕ ಮತ್ತೆ ಕತ್ತರಿ ಹಿಡಿಯಲಿ ಎಂಬುದಷ್ಟೇ ನಮ್ಮ ಆಸೆಯಾಗಿತ್ತು.

ಆಟವನ್ನು ಬುಡದಿಂದ ಕಟ್ಟಿದರೆ ಅದು ಮುಗಿಯುವ ಹೊತ್ತಿಗೆ ನನ್ನದೇ ಆಟ ಮುಗಿದಿರುತ್ತದೆಂದೂ, ಯಾರೋ ಮಾಡಿಟ್ಟ ಸಿದ್ಧ ಟೆಂಪ್ಲೇಟ್ ತಂದು ಬದಲಿಸಿಕೊಂಡರೆ ಗುಂಡಿ ಹಚ್ಚಿದಷ್ಟು ಸಲೀಸೆಂದೂ ತಿಳಿದುಬಂತು. ರೆಡಿಮೇಡ್ ಅಂಗಿ ಕಂಡರೆ ರಸ್ತೆ ದಾಟಿ ಆಚೆ ಬದಿ ನಡೆಯುವ ಮನೆತನ ನಮ್ಮದು. ಆದರೂ ‘ಅಮ್ಮಂಗೆ ಹೇಳ್ಬೇಡ ಮಾವ, ಸ್ವಲ್ಪ ಆಲ್ಟರ್ ಮಾಡಿದ್ರಾಯ್ತು’ ಎಂಬ ಪಿಸುಮಾತಿನಲ್ಲಿ ವ್ಯವಹಾರ ಕುದುರಿತು. ಬಂದದ್ದು ಕೋಟೆ ಕಾಳಗದ ಟೆಂಪ್ಲೇಟು. ಕೋಟೆ ಅಂಗಡಿಯಾಯಿತು, ಕತ್ತಿ ಕತ್ತರಿಯಾಯಿತು, ಸೇನಾಪತಿ ಗಿರಾಕಿಯಾದ. ಸೊಂಟದ ಅಳತೆ ಕೊಡುವ ಮುಂಚೆ ಯುದ್ಧ ಸಾರುವ ಚಾಳಿಯನ್ನು ಮಾತ್ರ ಬಿಡಲಿಲ್ಲ. ಕೋಟೆಯಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ತಾವು ಕೋಳಿಯಾಗಿಯೇ ಉಳಿದಿರಿ.

ತಮ್ಮನ್ನು ತೆಗೆದುಹಾಕುವ ದುಸ್ಸಾಹಸವೂ ನಡೆಯಿತು. ತಾವು ಮರೆಯಾದೊಡನೆ ಅಂಗಡಿಯ ಬಾಗಿಲು ತೆರೆಯದಾಯಿತು, ಹೊಲಿಗೆ ಯಂತ್ರ ಸೂರಿಗೆ ಹಾರಿ ಅಂಟಿಕೊಂಡಿತು, ಮುಳುಗಿದ ಸೂರ್ಯ ಏಳಲೇ ಇಲ್ಲ. ಆ ಟೆಂಪ್ಲೇಟ್ ಹೊಲಿದ ಪುಣ್ಯಾತ್ಮ ಬಾಗಿಲು, ಬೆಳಕು, ಭಾರ ಎಲ್ಲದರ ಆಜ್ಞೆಗಳನ್ನೂ ತಮ್ಮ ಹೊಟ್ಟೆಯೊಳಗೆ ತುರುಕಿ ಕೈತೊಳೆದುಕೊಂಡಿದ್ದನಂತೆ. ‘ಆಟದಲ್ಲಿ ಕೋಳಿ ಇಲ್ಲ ಮಾವ, ಕೋಳಿಯೊಳಗೆ ಆಟ ಇದೆ’ ಎಂದು ಮಗಳು ತಲೆ ಹಿಡಿದುಕೊಂಡಳು. ಕೋಳಿ ಕೂಗದಿದ್ದರೂ ಬೆಳಗಾಗುತ್ತದೆಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬಂದ ನಾನು ಈ ಮೂಲಕ ಕ್ಷಮೆ ಕೋರುತ್ತೇನೆ. ಇಡೀ ಜಗತ್ತನ್ನು ಹೊಟ್ಟೆಗೆ ಹಾಕಿಕೊಂಡಿರುವ ತಾವು ನನ್ನ ಈ ತಪ್ಪನ್ನೂ ಹಾಕಿಕೊಳ್ಳಬೇಕು. ಆಯುಧವಿಲ್ಲದೆ ನಡೆಯುವ ವಿದ್ಯೆ ಆ ಕೋಟೆಯಲ್ಲಿ ತಮಗೊಬ್ಬರಿಗೇ ಗೊತ್ತಿದ್ದುದರಿಂದ, ಆಟದಲ್ಲಿ ಗುಂಡಿ ಹಚ್ಚಲು ನಿಲ್ಲಿಸಿರುವ ನನ್ನ ಗೊಂಬೆಗೂ ಮಗಳು ತಮ್ಮ ನಡಿಗೆಯನ್ನೇ ತೊಡಿಸಿದ್ದಾಳೆ; ಆಟದೊಳಗಿನ ನಾನು ತಮ್ಮಂತೆಯೇ ಕತ್ತು ಕುಣಿಸುತ್ತ ನಡೆಯುತ್ತೇನೆ, ಕೆಲಸವಿಲ್ಲದಾಗ ನೆಲ ಕೆದರುತ್ತೇನೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಹೊಟ್ಟೆಯೊಂದನ್ನು ಇಲ್ಲಿ ಬಿಟ್ಟು ಉಳಿದ ಭಾಗ ರಜೆಯ ಮೇಲೆ ತೆರಳಬೇಕೆಂದೂ, ಅದಾಗದಿದ್ದರೆ ರೆಡಿಮೇಡಿನ ಗುಟ್ಟು ಬಯಲಾಗದಂತೆ ಅಕ್ಕ ನೋಡುವಾಗಲಾದರೂ ಸ್ಟೂಲಿನಂತೆ ನಟಿಸಬೇಕೆಂದೂ ಬೇಡಿಕೊಳ್ಳಲು ಈ ಪತ್ರ ಶುರುಮಾಡಿದ್ದೆ.

ಅಷ್ಟರಲ್ಲಿ ಅಕ್ಕ ಪರದೆಯ ಮುಂದೆ ಬಂದು ಕುಳಿತಳು. ತಾವು ನಾಚಿಕೆಯಿಲ್ಲದೆ ಅವಳ ಕತ್ತರಿಸುವ ಮೇಜಿನ ಮೇಲೇ ಹಾರಿ ನಿಂತಿರಿ. ಅಕ್ಕ ಕನ್ನಡಕ ಸರಿಮಾಡಿಕೊಂಡು, ‘ಲೋ, ಅಂಗಡಿಗೆ ಬಂದವರನ್ನ ಹೀಗೆ ಬರಿಮೈಯಲ್ಲಿ ನಿಲ್ಲಿಸ್ತಾರೇನೋ!’ ಎಂದು ಗದರಿದಳು. ಆಟದೊಳಗಿನ ಕೋಟುಗಳೆಲ್ಲ ಸೇನಾಪತಿಯ ಅಳತೆಯವು ಎಂದು ಮಗಳು ತೊದಲಿದಾಗ, ‘ಯಾರದೋ ಅಳತೆ ಇವರಿಗೆ ಹೇಗೆ ಕೂರುತ್ತೆ? ತೋರಿಸ್ತೀನಿ ನೋಡು’ ಎಂದವಳೇ ಎದ್ದು ಹೋಗಿ ಡ್ರಾಯರ್ ಎಳೆದು, ನಿಜವಾದ ಕತ್ತರಿಯಿಂದ ಹಳೆ ಪೇಪರಿನಲ್ಲಿ ತಮ್ಮ ಕೋಟಿನ ನಮೂನೆ ಕತ್ತರಿಸತೊಡಗಿದಳು. ಕೈ ನಡುಗಿತು, ಅಂಚು ಅಂಕುಡೊಂಕಾಯಿತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಪುಕ್ಕಕ್ಕೆ ಅಂಚು ಹೀಗೇ ಇರ್ಬೇಕು’ ಎಂದು ಮುಂದಕ್ಕೆ ಕತ್ತರಿಸಿದಳು.

ಹೀಗಾಗಿ ನನ್ನ ಬೇಡಿಕೆಯನ್ನು ನಾನು ಹಿಂಪಡೆಯಬೇಕಿತ್ತು. ಆದರೆ ಹಾಕಿದ ಹೊಲಿಗೆ ಬಿಚ್ಚುವ ರೂಢಿ ನಮ್ಮ ಅಂಗಡಿಯಲ್ಲಿಲ್ಲ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ತಮ್ಮದೇ ಕಾಲಲ್ಲಿ ನಡೆಯುತ್ತಿರುವ
ಗುಂಡಿ ಮುದುಕ

ತಾ.ಕ.: ಅಕ್ಕನ ನಮೂನೆಯಂತೆ ಮಗಳು ಆಟದೊಳಗೆ ಹೊಲಿದ ಕೋಟು ತೊಟ್ಟ ಮೇಲೆ ತಾವು ಎಷ್ಟು ಅಗಲವಾಗಿದ್ದೀರೆಂದರೆ ಅಂಗಡಿಯ ಬಾಗಿಲಲ್ಲೇ ಸಿಕ್ಕಿಕೊಂಡಿದ್ದೀರಿ, ತಮ್ಮಿಂದಾಗಿ ಬಾಗಿಲು ತೆರೆಯುತ್ತದೆ, ತಮ್ಮಿಂದಾಗಿಯೇ ಯಾರೂ ಒಳಗೆ ಬರುವಂತಿಲ್ಲ. ‘ಕೋಟು ಸರಿಯಾಗಿದೆ, ಬಾಗಿಲ ಅಳತೆ ತಪ್ಪು’ ಎಂದು ಅಕ್ಕ ತೀರ್ಪು ಕೊಟ್ಟಿರುವುದರಿಂದ ಇಡೀ ಆಟವನ್ನು ಈಗ ತಮ್ಮ ಸುತ್ತಳತೆಗೆ ತಕ್ಕಂತೆ ಬುಡದಿಂದ ಕಟ್ಟಲಾಗುತ್ತಿದೆ. ಹಳೆಯದರಲ್ಲಿ ಉಳಿಯುವುದು ತಾವು ಮತ್ತು ನನ್ನ ನಡಿಗೆ. ಎರಡನ್ನೂ ಬದಲಿಸಕೂಡದೆಂದು ಅಕ್ಕನ ಕಟ್ಟಪ್ಪಣೆ.