ಒಡೆದ ಧ್ವನಿಯ ಸಿದ್ಧಾಂತ

ಹಾಡಲು ಬಾರದ ಮನುಷ್ಯನಿಗೆ ಸಂಗೀತದ ಬಗ್ಗೆ ಮಾತಾಡುವ ಧೈರ್ಯ ಎಲ್ಲಿಂದ ಬರುತ್ತದೆ ಎಂದು ನನ್ನನ್ನು ಕೇಳಿದರೆ, ಹಾಡಲು ಬಾರದ್ದರಿಂದಲೇ ಬರುತ್ತದೆ ಎನ್ನುತ್ತೇನೆ. ಹಾಡುವವರಿಗೆ ಅಂಜಿಕೆಯಿರುತ್ತದೆ. ನಾಳೆ ತಮ್ಮ ಧ್ವನಿಯೂ ಕೈಕೊಟ್ಟೀತು ಎಂದು ಇನ್ನೊಬ್ಬರ ತಪ್ಪನ್ನು ಮೆಲ್ಲಗೆ ಹೇಳುತ್ತಾರೆ. ನನಗೆ ಆ ಭಯವಿಲ್ಲ. ನನ್ನ ಧ್ವನಿ ಎಂದೂ ನನ್ನ ಕೈಯಲ್ಲಿ ಇರಲಿಲ್ಲವಾದ್ದರಿಂದ ಕೈಕೊಡುವ ಪ್ರಶ್ನೆಯೇ ಬರುವುದಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ನನಗೆ ಬಾಯಿ ಆಡಿಸಿದರೆ ಸಾಕು, ಶಬ್ದ ಬೇಡ ಎಂದು ಮಾಸ್ತರರು ಅಪ್ಪಣೆ ಕೊಟ್ಟಿದ್ದರು. ಇಂದಿಗೂ ಅದನ್ನು ಪಾಲಿಸುತ್ತೇನೆ. ಬಚ್ಚಲುಮನೆಯಲ್ಲಿ ಮಾತ್ರ ಒಮ್ಮೊಮ್ಮೆ ಮೀರುತ್ತೇನೆ. ಹಾಗೆ ಮೀರಿದ ಒಂದು ಬೆಳಿಗ್ಗೆ ಪಕ್ಕದ ಮನೆಯ ತೆಲುಗು ಅಮ್ಮ ನನ್ನ ಹೆಂಡತಿ ಶಕುಂತಲೆಯನ್ನು ಕರೆದು, ನಿಮ್ಮ ನೀರಿನ ಮೋಟರಿನ ಬೇರಿಂಗ್ ಹೋದಂತಿದೆ, ಸುಟ್ಟುಹೋಗುವ ಮೊದಲು ಯಾರಿಗಾದರೂ ತೋರಿಸಿ ಎಂದು ಕಳಕಳಿಯಿಂದ ಹೇಳಿ ಹೋದರು.

ಹೀಗಿದ್ದೂ ಹೈದರಾಬಾದಿನ ನಮ್ಮ ಕನ್ನಡ ಬಳಗದಲ್ಲಿ ನಾನು ಸಂಗೀತ ಬಲ್ಲವನೆಂದು ಹೆಸರಾಗಿದ್ದೇನೆ. ಅದಕ್ಕೆ ಕಾರಣ ನನ್ನ ತಲೆ. ಒಳಗಿನದ್ದಲ್ಲ, ಹೊರಗಿನದ್ದು. ಕುತ್ತಿಗೆ ನೋವಿಗೆಂದು ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ತಲೆಯನ್ನು ನಿಧಾನವಾಗಿ ಆ ಕಡೆ, ಈ ಕಡೆ, ಆಮೇಲೆ ಕೆಳಕ್ಕೆ. ಮನೆಯಲ್ಲಿ ಮರೆತುಹೋಗುತ್ತಿದ್ದ ಈ ವ್ಯಾಯಾಮ ಬಳಗದ ಕಾರ್ಯಕ್ರಮಗಳಲ್ಲಿ, ಮುಂದಿನ ಸಾಲಿನ ಕುರ್ಚಿ ಸಿಕ್ಕಾಗ ನೆನಪಾಗುತ್ತಿತ್ತು. ಹಾಡುವವರು ನನ್ನ ಕಡೆಗೇ ನೋಡಿ ಹಾಡತೊಡಗಿದರು. ನೋವು ಹಾಗೆಯೇ ಉಳಿಯಿತು, ಕೀರ್ತಿ ಬೆಳೆಯಿತು.

ಕೀರ್ತಿ ಬಂದಮೇಲೆ ಅದಕ್ಕೆ ತಕ್ಕ ಜ್ಞಾನವನ್ನೂ ತುಸು ಸಂಪಾದಿಸಬೇಕು ಅನ್ನಿಸಿತು. ನನ್ನ ನೌಕರಿ ಒಂದು ಸರಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಲೇಥಿನಿಂದ ಇಳಿದ ಬಿಡಿಭಾಗ ಕೂದಲೆಳೆಯಷ್ಟು ದಪ್ಪವಾದರೂ ವಾಪಸು ಕಳಿಸುವುದು ನನ್ನ ಕೆಲಸ. ಇದೇ ಕಣ್ಣನ್ನು ಕಿವಿಗೂ ಜೋಡಿಸಿದರೆ ಹೇಗೆಂದು, ಶ್ರುತಿ ಅಳೆಯುವ ಆ್ಯಪ್ ಒಂದನ್ನು ಮೊಬೈಲಿಗೆ ಇಳಿಸಿಕೊಂಡೆ. ಸ್ವರ ಸರಿಯಿದ್ದರೆ ಮುಳ್ಳು ಹಸಿರಿನಲ್ಲಿ ನಿಲ್ಲುತ್ತದೆ, ತಪ್ಪಿದರೆ ಕೆಂಪಿಗೆ ಜಾರುತ್ತದೆ. ಮನೆಯಲ್ಲಿ ಶಬ್ದ ಮಾಡುವ ಎಲ್ಲವನ್ನೂ ಅಳೆದೆ. ನಾನು ಹಾಡಿದಾಗ ಮುಳ್ಳು ಅಲುಗಲೇ ಇಲ್ಲ. ಅದು ನನ್ನನ್ನು ಧ್ವನಿಯೆಂದೇ ಒಪ್ಪಲಿಲ್ಲ. ಎಲ್ಲರಿಗಿಂತ ಶುದ್ಧವಾಗಿ, ಒಂದಿಷ್ಟೂ ಅಲ್ಲಾಡದೆ ಹಸಿರಿನಲ್ಲಿ ನಿಂತದ್ದು ನಮ್ಮ ಕುಕ್ಕರಿನ ಸೀಟಿ. ಅದನ್ನು ಕೇಳಿ ಈವರೆಗೆ ಯಾರೂ ಕಣ್ಣೀರು ಹಾಕಿಲ್ಲವಲ್ಲ ಎಂಬ ಸಣ್ಣ ಅನುಮಾನ ಆಗಲೇ ಬರಬೇಕಿತ್ತು. ಬರಲಿಲ್ಲ.

ಅಷ್ಟರಲ್ಲಿ ಬಳಗದ ಕಾರ್ಯದರ್ಶಿ ಪಾಟೀಲರು ಒಂದು ದೊಡ್ಡ ಸುದ್ದಿ ತಂದರು. ನಾಡಿಗೆಲ್ಲ ಪ್ರಿಯರಾದ ಒಬ್ಬ ಗಾಯಕಿ ನಮ್ಮ ವಾರ್ಷಿಕೋತ್ಸವಕ್ಕೆ ಹಾಡಲು ಒಪ್ಪಿದ್ದರು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ. ಅವರಿಗೆ ಹೋಟೆಲಿನ ಊಟ ಒಗ್ಗುವುದಿಲ್ಲವಾದ್ದರಿಂದ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ, ಸಂಜೆ ವೇದಿಕೆಯ ಮೇಲೆ ಅವರನ್ನು ಪರಿಚಯಿಸುವ ಭಾಷಣ ನನ್ನದು. ಬರೇ ಹುಟ್ಟಿದೂರು, ಪ್ರಶಸ್ತಿ ಹೇಳಿ ಇಳಿಯಬ್ಯಾಡ್ರಿ, ಆ ಧ್ವನಿ ಯಾಕ ಅಷ್ಟು ಚಂದ ಅನ್ನೂದನ್ನ ಬಿಡಿಸಿ ಹೇಳ್ರಿ ಎಂದು ಪಾಟೀಲರು ನನ್ನ ಭುಜ ತಟ್ಟಿದರು.

ಆ ಗಾಯಕಿಯ ಹಾಡೊಂದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಅದರ ಎರಡನೆಯ ಚರಣದಲ್ಲಿ ‘ಬಾ’ ಎಂಬ ಒಂದೇ ಅಕ್ಷರ ಮೇಲಕ್ಕೆ ಏರುತ್ತದೆ, ಏರಿ ನಿಲ್ಲುವ ಹೊತ್ತಿಗೆ ಸರಿಯಾಗಿ ಧ್ವನಿ ಎಳೆಯಷ್ಟು ಒಡೆಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲಿಗೆ ಬಂದಾಗ ಶಕುಂತಲೆ ರೊಟ್ಟಿ ತಟ್ಟುವ ಕೈಯನ್ನು ನಿಲ್ಲಿಸುತ್ತಾಳೆ. ಪಾಟೀಲರಂಥ ಗಟ್ಟಿ ಆಳು ಕೂಡ ಕನ್ನಡಕ ಒರೆಸಿಕೊಳ್ಳುತ್ತಾರೆ. ನಾನು ಮೊಬೈಲು ಹಿಡಿದು ಅಳೆದೆ. ಹಾಡಿನುದ್ದಕ್ಕೂ ಹಸಿರಿನಲ್ಲಿದ್ದ ಮುಳ್ಳು ಸರಿಯಾಗಿ ಆ ‘ಬಾ’ಗೆ ಕೆಂಪಿಗೆ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಕಾರ್ಖಾನೆಯಾಗಿದ್ದರೆ ಆ ‘ಬಾ’ವನ್ನು ವಾಪಸು ಕಳಿಸುತ್ತಿದ್ದೆ. ಆದರೆ ಇಡೀ ಕರ್ನಾಟಕ ಅಳುವ ಜಾಗ ತಪ್ಪಾಗಿರಲು ಹೇಗೆ ಸಾಧ್ಯ? ಹಲವು ದಿನ ತಲೆ ಕೆಡಿಸಿಕೊಂಡೆ. ಮಾದಾಪುರದ ಕಡೆ ಕೆಲಸವಿದ್ದು ಮೆಟ್ರೋದಲ್ಲಿ ಹೋಗುವಾಗ ಅದನ್ನೇ ಕೇಳುತ್ತ ಇಳಿಯುವ ನಿಲ್ದಾಣ ದಾಟಿಸಿಕೊಂಡೆ. ಕೊನೆಗೆ ಒಂದು ಸಿದ್ಧಾಂತ ಹೊಳೆಯಿತು. ಅದು ತಪ್ಪಲ್ಲ, ವಿದ್ಯೆಯ ತುತ್ತತುದಿ. ಪೂರ್ತಿ ಸ್ವರ ಮುಟ್ಟಿದಮೇಲೆ ಉಸಿರನ್ನು ಅರ್ಧ ಹಿಂದಕ್ಕೆಳೆದು, ಗಂಟಲಿನ ಬಾಗಿಲನ್ನು ಕ್ಷಣ ಓರೆ ಮಾಡಿ, ಸ್ವರವನ್ನು ಬೇಕೆಂದೇ ಸೀಳುವುದು. ಇದಕ್ಕೆ ‘ನಿಯಂತ್ರಿತ ಭಂಗ’ ಎಂದು ಹೆಸರಿಟ್ಟೆ. ಶಕುಂತಲೆಗೆ ವಿವರಿಸಿದರೆ ಅವಳು, ಆಕಿಗೆ ಏನೋ ನೆನಪಾಗಿ ಗಂಟಲು ಬಿಗದಿರಬೇಕು, ಅದಕ್ಕ ಹೆಸರು ಯಾಕ ಬೇಕು ಎಂದಳು. ಅವಳಿಗೆ ಆ್ಯಪ್ ಇರಲಿಲ್ಲವಾದ್ದರಿಂದ ನಾನು ವಾದಕ್ಕೆ ಹೋಗಲಿಲ್ಲ.

ಊಟದ ವಿಷಯದಲ್ಲೂ ನನ್ನ ತಪಾಸಣೆ ನಡೆಯಿತು. ಹುಳಿ ಗಂಟಲಿಗೆ ಕೆಟ್ಟದ್ದು, ಖಾರ ಕೆಟ್ಟದ್ದು, ಕರಿದದ್ದು, ಮೊಸರು, ಶೇಂಗಾ ಎಲ್ಲ ಕೆಟ್ಟದ್ದು ಎಂದು ಒಂದೊಂದಾಗಿ ತೆಗೆಸಿದೆ. ಕೊನೆಗೆ ಉಳಿದದ್ದು ಮೆತ್ತಗಿನ ಅನ್ನ ಮತ್ತು ಬಿಸಿನೀರು. ಬಾಣಂತಿಗೂ ಇದಕ್ಕಿಂತ ಚಲೋ ಊಟ ಹಾಕ್ತಾರ ಎಂದು ಶಕುಂತಲೆ ಸಿಟ್ಟಾದಳು. ವಾರ್ಷಿಕೋತ್ಸವದ ದಿನ ಗಾಯಕಿ ಬಂದರು. ಮೈಸೂರು ಕಡೆಯವರು, ಐವತ್ತು ದಾಟಿದ್ದಿರಬೇಕು, ಸರಳ ಹತ್ತಿಸೀರೆ, ನಗುಮುಖ. ತಟ್ಟೆಯನ್ನೊಮ್ಮೆ ನೋಡಿ, ಅಡುಗೆಮನೆಯ ಕಡೆಯಿಂದ ಏನೋ ಘಮ ಬರುತ್ತಿದೆಯಲ್ಲ ಎಂದರು. ನಮಗಾಗಿ ಮಾಡಿ ಮುಚ್ಚಿಟ್ಟಿದ್ದ ಹುಳಿಹುಳಿ ಪುಂಡಿಪಲ್ಯ, ಜೋಳದ ರೊಟ್ಟಿ, ಮಿರ್ಚಿ ಭಜಿ ಒಂದೊಂದಾಗಿ ಹೊರಬಂದವು. ಅವರು ಎಲ್ಲವನ್ನೂ ಬಡಿಸಿಕೊಂಡು, ಮೇಲೆ ಗಟ್ಟಿ ಮೊಸರನ್ನೂ ಹಾಕಿಸಿಕೊಂಡು, ನೆಮ್ಮದಿಯಾಗಿ ಉಂಡರು. ಶಕುಂತಲೆ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಅನ್ನ, ಬಿಸಿನೀರು ನನ್ನ ಪಾಲಿಗೆ ಬಂದವು.

ಕಳೆದುಹೋದ ಮರ್ಯಾದೆಯನ್ನು ಮರಳಿ ಪಡೆಯಲು ನಾನು ಆಗಲೇ ಸಿದ್ಧಾಂತವನ್ನು ಹೊರತೆಗೆದೆ. ಉಸಿರು, ಗಂಟಲಿನ ಬಾಗಿಲು, ನಿಯಂತ್ರಿತ ಭಂಗ, ಎಲ್ಲವನ್ನೂ ಕೈಬೀಸಿ ಹೇಳಿದೆ. ಇದಕ್ಕೆ ಎಷ್ಟು ವರ್ಷಗಳ ಸಾಧನೆ ಬೇಕಾಯಿತು ಎಂದು ವಿನಯದಿಂದ ಕೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಅದು ನೆಗಡಿ ಸಾರ್,” ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ರೆಕಾರ್ಡಿಂಗ್ ದಿನ ಮೂಗು ಕಟ್ಟಿತ್ತಂತೆ. ಆ ‘ಬಾ’ ಹತ್ತಿರ ಗಂಟಲಿನಲ್ಲಿ ಕಫ ಅಡ್ಡ ಬಂತು. ವಾದ್ಯದವರಿಗೆ ಬೇರೆ ಕಡೆ ಹೋಗುವುದಿತ್ತು, ನಾಳೆ ಇದೊಂದು ಸಾಲು ಸರಿಮಾಡೋಣ ಎಂದರು. ಆ ನಾಳೆ ಬರಲೇ ಇಲ್ಲ. ಹಾಡು ಹೊರಬಂತು, ಜನ ಅತ್ತರು. “ಆಮೇಲೆ ಅದೇ ನನ್ನ ಗುರುತಾಗಿಹೋಯ್ತು. ಎಲ್ಲಿ ಹೋದರೂ ಜನ ಅದಕ್ಕೇ ಕಾಯ್ತಾರೆ. ಗಂಟಲು ಚೆನ್ನಾಗಿದ್ದರೆ ಅದು ಬರೋದಿಲ್ಲ. ಸರಿಯಾಗಿ ಹಾಡಿದ ದಿನ, ಪಾಪ ವಯಸ್ಸಾಯ್ತು, ಧ್ವನಿ ಮೊದಲಿನ ಹಾಗಿಲ್ಲ ಅಂತ ಮಾತಾಡಿಕೊಳ್ತಾರೆ.” ಹೀಗೆ ಹೇಳುವಾಗ ಅವರು ನಗುತ್ತಲೇ ಇದ್ದರು, ಆದರೆ ಕೈ ರೊಟ್ಟಿಯ ಅಂಚನ್ನು ಸುಮ್ಮನೆ ಪುಡಿಮಾಡುತ್ತಿತ್ತು. ಇವತ್ತು ಗಂಟಲು ಹೇಗಿದೆ ಎಂದು ಶಕುಂತಲೆ ಮೆಲ್ಲಗೆ ಕೇಳಿದಳು. ತುಂಬಾ ಚೆನ್ನಾಗಿದೆ, ಅದೇ ಭಯ ಎಂದರು.

ನನಗೆ ಬೇರೆಯೇ ಭಯ ಹತ್ತಿತು. ಸಂಜೆಯ ಭಾಷಣವಾಗಿ ನಾನು ಬಾಯಿಪಾಠ ಮಾಡಿದ್ದು ಆ ಸಿದ್ಧಾಂತವೊಂದನ್ನೇ. ಅದನ್ನು ತೆಗೆದರೆ ನನ್ನ ಬಳಿ ಉಳಿಯುವುದು ನಮಸ್ಕಾರ ಮಾತ್ರ. ಬೇರೆ ಏನಾದರೂ ಹೇಳುತ್ತೇನೆ, ನೀವು ಚಿಂತಿಸಬೇಡಿ ಎಂದೆ. ಅವರು ತಲೆಯಾಡಿಸಿ ಬೇಡವೆಂದರು.

“ನೀವು ಹೇಳಿದ್ದನ್ನೇ ಹೇಳಿ. ನನ್ನ ನೆಗಡಿಗೆ ಇಷ್ಟು ಮರ್ಯಾದೆ ಇಲ್ಲೀವರೆಗೆ ಯಾರೂ ಕೊಟ್ಟಿರಲಿಲ್ಲ.”

ಸಂಜೆ ಸಭಾಂಗಣ ತುಂಬಿತ್ತು. ಸುಲ್ತಾನ್ ಬಜಾರಿನಿಂದ ಪಾಟೀಲರು ತಂದ ಶಾಲು ಮೇಜಿನ ಮೇಲೆ, ಗಾಯಕಿ ನನ್ನ ಪಕ್ಕದ ಕುರ್ಚಿಯಲ್ಲಿ. ಸುಳ್ಳೆಂದು ಗೊತ್ತಿರುವ ಸಿದ್ಧಾಂತವನ್ನು, ಅದು ಸುಳ್ಳೆಂದು ಬಲ್ಲವರ ಮುಂದೆ, ಗಂಭೀರವಾಗಿ ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಆದರೆ ಎದುರಿಗಿದ್ದ ಮುಖಗಳು ಅರಳುತ್ತ ಹೋದವು, ಅವುಗಳೊಂದಿಗೆ ನಾನೂ ಅರಳಿದೆ. ನಾಚಿಕೆ ಎಂಬುದು ಮೊದಲ ಚಪ್ಪಾಳೆಯವರೆಗೆ ಮಾತ್ರ ಇರುತ್ತದೆ. ನಿಯಂತ್ರಿತ ಭಂಗವನ್ನು ಕೈ ಮೇಲೆತ್ತಿ ತೋರಿಸಿದೆ, ಗಂಟಲಿನ ಬಾಗಿಲನ್ನು ಎರಡು ಬೆರಳುಗಳಿಂದ ತೆರೆದು ಮುಚ್ಚಿದೆ. ನಮ್ಮವರು ಹೌದ್ಹೌದು ಎಂದು ತಲೆದೂಗಿದರು.

ನಾನು ಇಳಿದು ಮುಂದಿನ ಸಾಲಿನಲ್ಲಿ ಕುಳಿತಮೇಲೆ ಗಾಯಕಿ ಹಾಡತೊಡಗಿದರು. ಒಂದಾದ ಮೇಲೊಂದು, ಯಾವ ಆ್ಯಪ್ಪೂ ಬೆರಳು ತೋರಿಸಲಾಗದ ಹಾಗೆ. ಕೊನೆಗೆ ಆ ಹಾಡು ಬಂತು. ಮೊದಲ ಚರಣ ಮುಗಿಯಿತು. ಈಗ ಧ್ವನಿ ಒಡೆಯದಿದ್ದರೆ ಸಿದ್ಧಾಂತವೂ ಹೋಯಿತು, ಪಾಪ ಆಕೆಯ ಹೆಸರೂ ಹೋಯಿತು. ನಿಜ ಹೇಳಬೇಕೆಂದರೆ ಈ ಎರಡನ್ನೂ ಯೋಚಿಸಿದ್ದು ಇದೇ ಕ್ರಮದಲ್ಲಿ. ‘ಬಾ’ ಏರಿತು. ಏರಿ ನಿಂತಿತು. ಅವರ ಕಣ್ಣು ಒಮ್ಮೆ ಮುಂದಿನ ಸಾಲಿಗೆ, ನಾನಿದ್ದ ಕಡೆಗೆ ಹೊರಳಿತು. ಧ್ವನಿ ಎಳೆಯಷ್ಟು ನಡುಗಿ, ಒಡೆದು, ಮತ್ತೆ ಕೂಡಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಪಾಟೀಲರು ಕನ್ನಡಕ ತೆಗೆದರು. ನನ್ನ ಕಣ್ಣಲ್ಲೂ ನೀರು ಬಂತು, ಯಾಕೆ ಬಂತೆಂದು ಅಳೆಯಲು ಹೋಗಲಿಲ್ಲ. ಮುಗಿದಮೇಲೆ ಪಾಟೀಲರು ನನ್ನನ್ನು ತಬ್ಬಿಕೊಂಡು, ನೀವು ಹೇಳಿದಂಗ ಆತು ನೋಡ್ರಿ, ಕೂದಲೆಳಿ ಫರಕ ಇಲ್ಲ ಎಂದರು. ಅವರೊಬ್ಬರೇ ಅಲ್ಲ, ಬಹಳ ಜನ ಬಂದು ಕೈಕುಲುಕಿದರು.

ಆಟೋದಲ್ಲಿ ಮರಳುವಾಗ ನಾನು ಶಕುಂತಲೆಗೆ, ಪಾಪ ಆಕೆಗೇ ತಿಳಿದಿಲ್ಲ, ನಾನು ಹೇಳಿದ ಹಾಗೆ ಉಸಿರು ಹಿಂದಕ್ಕೆಳೆದಿರಬೇಕು, ಅದಕ್ಕೇ ಬಂತು ಎಂದೆ. ಕಾರ್ಯಕ್ರಮ ಮುಗಿದಮೇಲೆ ಅವಳು ಗಾಯಕಿಗೆ ಕುಂಕುಮ ಕೊಡಲು ಒಳಗೆ ಹೋಗಿದ್ದಳು.

“ಆಕಿ ನನಗ ಹೇಳ್ಯಾಳ. ಆ ಜಾಗಕ್ಕ ಬಂದಾಗ ನೀವು ಗಂಟಲಿನ ಬಾಗಿಲಾ ತೆರೆದು ಮುಚ್ಚಿದ್ದು ನೆನಪಾತಂತ. ಎದುರಿಗೆ ನೋಡಿದ್ರ ನೀವ ಕೂತೀರಿ. ಉಕ್ಕಿ ಬಂದ ನಗು ತಡಕೊಳ್ಳಾಕ ಹೋಗಿ ಧ್ವನಿ ಒಡೀತಂತ.”

ಆಟೋದವನಿಗೆ ಕನ್ನಡ ಬರುವುದಿಲ್ಲವೆಂಬುದೊಂದೇ ನನಗುಳಿದ ಸಮಾಧಾನ. ಜನ ಅತ್ತದ್ದು ಆಕೆ ತಡೆದ ನಗುವಿಗೆ, ಆಕೆ ನಗುವಂತಾದದ್ದು ನನ್ನಿಂದ; ಅಂದರೆ ಆ ಸಂಜೆಯ ಕಣ್ಣೀರಿನಲ್ಲಿ ನನ್ನದೂ ಒಂದು ಪಾಲಿದೆ ಎಂದು ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಹೇಗೋ ಲೆಕ್ಕ ಕೂಡಿಸಿಕೊಂಡೆ. ಬಳಗದವರಿಗೆ ನಾವಿಬ್ಬರೂ ಏನನ್ನೂ ಹೇಳಲಿಲ್ಲ. ಅಲ್ಲಿ ನಿಯಂತ್ರಿತ ಭಂಗ ಇಂದಿಗೂ ಚಾಲ್ತಿಯಲ್ಲಿದೆ.

ಹೋದ ವಾರ ಆ ಗಾಯಕಿ ಶಕುಂತಲೆಗೆ ಫೋನ್ ಮಾಡಿದ್ದರು. ಪುಂಡಿಪಲ್ಯದ ಮಾತಾದ ಮೇಲೆ, ಬೇರೆ ಊರಿನ ಕಾರ್ಯಕ್ರಮದಲ್ಲಿ ‘ಬಾ’ ಒಡೆಯದೆ ತಪ್ಪಿಸಿಕೊಂಡಿತೆಂದು ಹೇಳಿಕೊಂಡರಂತೆ. ವೇದಿಕೆ ಹತ್ತುವ ಮುಂಚೆ ಒಮ್ಮೆ ನೋಡಿಕೊಳ್ಳಲು ನಿಮ್ಮ ಯಜಮಾನರ ಫೋಟೋ ಒಂದಿದ್ದರೆ ಕಳಿಸುತ್ತೀರಾ ಎಂದು ಸಂಕೋಚದಿಂದ ಕೇಳಿದರಂತೆ. ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಬೀರು ತೆರೆದು, ಕೋಟು ಹಾಕಿಕೊಂಡು ಸ್ಟುಡಿಯೋದಲ್ಲಿ ತೆಗೆಸಿದ ನನ್ನ ಫೋಟೋ ತಂದು, ಇದನ್ನೇ ಕಳಿಸು, ಇದರಲ್ಲಿ ಚೆನ್ನಾಗಿ ಬಂದಿದ್ದೇನೆ ಎಂದೆ. ಶಕುಂತಲೆ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು.

“ಇದು ನಡೆಯೂದಿಲ್ರಿ. ಇದರಾಗ ನಿಮ್ಮ ಬಾಯಿ ಮುಚ್ಚೇತಿ.”