ಜೇಬಿಗೆ ಹಿಡಿಯುವ ಲೆನ್ಸು

ಮೇಷ್ಟ್ರು ಫವ್ವಾಜ್ ಕಾಫಿ ಬಟ್ಟಲನ್ನು ತುಟಿಗೆ ಸೋಕಿಸದೆ ಕೆಳಗಿಟ್ಟ. ಪಾಪ, ಅವನು ಮಾಡಿದ ತಪ್ಪು ಅಷ್ಟೇ. ಲೆನ್ಸನ್ನು ಎರಡೂ ಕೈಯಲ್ಲಿ ಹಿಡಿದು ನೋಡಬೇಕಾದರೆ ಬಟ್ಟಲನ್ನು ತಲೆಯ ಮೇಲೆ ಇಟ್ಟುಕೊಳ್ಳಲಾಗುತ್ತದೆಯೇ?

ತಫೀಲಾ ಪೇಟೆಯ ಅಬು ಘಾಜಿಯ ಕ್ಯಾಮೆರಾ ಅಂಗಡಿಗೆ ಅವನು ಬಂದದ್ದು ಅಮ್ಮನಿಗಾಗಿ. ಮಂಡಿ ಸೋತ ಅಮ್ಮ ತಾನು ಹುಟ್ಟಿದ ಕಣಿವೆಯನ್ನು ನೋಡಿ ಹನ್ನೊಂದು ವರ್ಷ. "ಒಂದೇ ಫೋಟೋದಲ್ಲಿ ಪೂರ್ತಿ ತೋರಿಸೋ" ಎಂದು ಕೇಳಿದ್ದಳು. ಅವನ ಕ್ಯಾಮೆರಾದ ಹಳೆಯ ಲೆನ್ಸಿಗೆ ಅರ್ಧ ಕಣಿವೆಯೂ ಹಿಡಿಯದು. ಅಗಲಕ್ಕೆ ನೋಡುವ ಲೆನ್ಸೇ ಬೇಕು. ಅದು ಜೇಬಿಗೂ ಹಿಡಿಯಬೇಕು, ಕಣಿವೆ ಪೂರ್ತಿ ಕಾಣುವ ಬೆಟ್ಟದ ಮೇಕೆ ದಾರಿಯನ್ನು ಕೈಕಾಲು ಊರಿಯೇ ಹತ್ತಬೇಕಲ್ಲ! ಅಂಥದೊಂದು ಪುಟ್ಟ ಲೆನ್ಸು ಕೊನೆಗೂ ಸಿಕ್ಕಿತ್ತು, ಕೊಳ್ಳುವಷ್ಟು ದುಡ್ಡೂ ಇತ್ತು.

"ಅಯ್ಯಯ್ಯೋ, ಬಟ್ಟಲು ಕೆಳಗಿಟ್ಟ!" ಎಂದು ಪಕ್ಕದ ಕ್ಷೌರದಂಗಡಿಯ ಹಮ್ದಾನ್ ಕತ್ತರಿ ಸಮೇತ ಒಳಗೆ ನುಗ್ಗಿದ. ಹಿಂದೆಯೇ ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿ.

ಆ ಸೀಮೆಯಲ್ಲಿ ಮನೆಗಾಗಲಿ ಅಂಗಡಿಗಾಗಲಿ ಬಂದವನು ಕಾಫಿ ಕುಡಿಯದೆ ಕೆಳಗಿಟ್ಟನೆಂದರೆ ಏನೋ ಬೇಡಲು ಬಂದಿದ್ದಾನೆಂದೇ ಅರ್ಥ. ಕೊಡದಿದ್ದರೆ ಮನೆತನದ ಮಾನ ಹೋದಂತೆ. ಅಬು ಘಾಜಿ ಎದೆಯ ಮೇಲೆ ಕೈಯಿಟ್ಟ.

"ಕುಡಿ ಮಗನೇ. ನೀನು ಕೇಳಿದ್ದು ನಿಂದೇ."

"ಅಯ್ಯೋ ಹಾಗಲ್ಲ ಚಿಕ್ಕಪ್ಪ, ಸುಮ್ನೆ ಈ ಲೆನ್ಸು ನೋಡೋಣ ಅಂತ..."

"ಲೆನ್ಸು ಬೇಕಂತೆ!" ಹಮ್ದಾನ್ ಬೀದಿಗೆಲ್ಲ ಸಾರಿದ.

"ದುಡ್ಡು ತಂದಿದ್ದೀನಿ ಚಿಕ್ಕಪ್ಪ!"

"ಬಟ್ಟಲು ಕೆಳಗಿಟ್ಟು ದುಡ್ಡಿನ ಮಾತಾಡ್ತೀಯಾ? ನಾಚಿಕೆ ಆಗಲ್ವಾ?" ಅಬು ಘಾಜಿ ಪುಟ್ಟ ಲೆನ್ಸನ್ನು ಕಿತ್ತುಕೊಂಡ. "ಅದೂ ಈ ಬಾದಾಮಿ ಬೀಜಾನಾ? ಇಷ್ಟು ಸಣ್ಣದು ಕೊಟ್ಟು ಕಳಿಸ್ದ ಅಂತ ಊರು ಆಡ್ಕೊಳ್ಳಲ್ವಾ?"

ಗಾಜಿನ ಬೀರುವಿನಿಂದ ಅಂಗಡಿಯಲ್ಲೇ ಅತಿ ದೊಡ್ಡ ಲೆನ್ಸು ಇಳಿಯಿತು, ಅದೂ ಅಗಲಕ್ಕೆ ನೋಡುವಂಥದ್ದೇ. ಒಳ್ಳೇ ಅಡುಗೆ ಕೊಳಗ! ಫವ್ವಾಜನ ತೋಳಿಗೆ ಅದನ್ನಿಟ್ಟಾಗ ಅವನು ಒಂದು ಕಡೆಗೆ ವಾಲಿದ.

"ಇದನ್ನ ಹೊತ್ಕೊಂಡು ಬೆಟ್ಟ ಹತ್ತೋಕಾಗಲ್ಲ ಚಿಕ್ಕಪ್ಪ. ಆ ಸಣ್ಣದೇ..."

"ಕೊಟ್ಟಿದ್ದನ್ನ ವಾಪಸ್ ಕೊಡ್ತಾನಂತೆ ಕಣ್ರೋ!" ಅರ್ಧ ಗಡ್ಡದವನು ಬಾಯಿ ಬಡಿದುಕೊಂಡ. ಫವ್ವಾಜ್ ಕಣ್ಣು ಮುಚ್ಚಿ ಕಾಫಿ ಕುಡಿದ. ಅದು ಆಗಲೇ ಆರಿಹೋಗಿತ್ತು.

ಪೇಟೆಯ ಕೊನೆಯಲ್ಲಿದ್ದ ಇನ್ನೊಂದು ಕ್ಯಾಮೆರಾ ಅಂಗಡಿಯಲ್ಲಾದರೂ ಸಣ್ಣ ಲೆನ್ಸು ಕೊಳ್ಳೋಣವೆಂದು ಹೋದ. ಆ ಅಂಗಡಿಯವನು ಎರಡೂ ಕೈ ಎತ್ತಿಬಿಟ್ಟ. "ಅಬು ಘಾಜಿ ಅಂಥಾದ್ದು ಕೊಟ್ಟ ಮೇಲೆ ನಾನು ಇದನ್ನ ಮಾರಿದ್ರೆ ಅವನ ಮುಖಕ್ಕೆ ಮಸಿ ಬಳಿದ ಹಾಗೆ. ಹೋಗಪ್ಪ, ಪುಣ್ಯ ಮಾಡಿದ್ದೀಯ!"

ನಿಜಕ್ಕೂ ಪುಣ್ಯವೇ. ದಾರಿಯುದ್ದಕ್ಕೂ ಜನ ಬೆನ್ನು ತಟ್ಟಿದರು. ಬಡ ಮೇಷ್ಟ್ರಿಗೆ ಯಾರು ಹೀಗೆ ಕೊಡುತ್ತಾರೆ? ಆ ಮುದುಕನ ದೊಡ್ಡತನ ನೆನೆದು ಫವ್ವಾಜನ ಕಣ್ಣು ತುಂಬಿತು. ಲೆನ್ಸನ್ನು ಬೆನ್ನಿಗೆ ಕಟ್ಟಿಕೊಂಡು, ಹತ್ತು ಹೆಜ್ಜೆಗೊಮ್ಮೆ ಕೂತಾದರೂ ಹತ್ತಿಯೇ ಸಿದ್ಧ ಎಂದು ನಿಶ್ಚಯಿಸಿದ.

ಬಾಗಿಲಲ್ಲೇ ಅಮ್ಮ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. "ಹಮ್ದಾನ್ ಫೋನ್ ಮಾಡಿ ಎಲ್ಲಾ ಹೇಳ್ದ ಮಗಾ. ಎಂಥಾ ದೊಡ್ಡ ಮನಸ್ಸೋ ಅವರದ್ದು! ದೇವರು ತಣ್ಣಗಿಟ್ಟಿರ್ಲಿ."

"ಹೂಂ ಅಮ್ಮ. ನಾಳೆ ಬೆಳಿಗ್ಗೇನೇ ನಿನ್ನ ಕಣಿವೇನ ಪೂರ್ತಿ ತಂದ್ಬಿಡ್ತೀನಿ. ಕ್ಯಾಮೆರಾ ಎಲ್ಲಿಟ್ಟಿದ್ದೀಯ?"

ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಅಂಥಾ ಉಡುಗೊರೆ ತಗೊಂಡು ಸುಮ್ನೆ ಕೂರೋಕೆ ನಾವೇನು ಉಪಕಾರ ಮರೆಯೋರಾ? ಮನೇಲಿ ಬೆಲೆಬಾಳೋದು ಅಂತ ಇದ್ದಿದ್ದು ಅದೊಂದೇ. ಆಗ್ಲೇ ಅಬು ಘಾಜಿಗೆ ಕಳಿಸ್ಕೊಟ್ಟೆ."