ಸಕ್ಕರೆ ಸೇರಿಸಿಲ್ಲ

ನನ್ನ ಮಾವನವರು ಕಳ್ಳರೆಂದು ನಾನು ಒಂದು ವಾರವಿಡೀ ನಂಬಿದ್ದೆ. ಸಾಕ್ಷಿ ಬೇರೆ ಇತ್ತು: ಊಟವಾದ ಎರಡು ಗಂಟೆಗೆ ಅವರ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರ ನಲವತ್ತು!

ಆಗ ಮಗಳಿಗೆ ಹತ್ತು ತಿಂಗಳು. ಈಗ ಅವಳು ಶಾಲೆಗೆ ಹೋಗಿ ಮನೆ ಬಿಕೋ ಎನ್ನುವಾಗ ಆ ದಿನಗಳೇ ಕಣ್ಣ ಮುಂದೆ ಬಂದು ಕೂರುತ್ತವೆ. ಮಾವ ದರ್ಜಿ. ಮೊಮ್ಮಗಳನ್ನು ‘ಗುಂಡಿ’ ಎಂದು ಕರೆಯುತ್ತಿದ್ದರು (ರಸ್ತೆಯದಲ್ಲ, ಅಂಗಿಯದು). ಅವಳಿಗೆ ತಮ್ಮ ಕೈಯಾರೆ ಒಂದು ಫ್ರಾಕು ಹೊಲಿಯಬೇಕೆಂಬುದೊಂದೇ ಅವರ ಹಂಬಲ. ಆದರೆ ಎರಡೂ ಕಣ್ಣಿಗೆ ಪೊರೆ. ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: “ಊಟದ ನಂತರದ ಸಕ್ಕರೆ ಇಳೀಲಿ, ಆಮೇಲೆ ಆಪರೇಷನ್ನು.”

ಈ ಮಹತ್ಕಾರ್ಯದ ಹೊಣೆ ನಾನು ಹೊತ್ತೆ. (ಯಾರೂ ಹೊರಿಸಿರಲಿಲ್ಲ.) ಮಗು ಎರಡು ಸಲ ಸೀನಿದರೆ ಮೂರು ಪುಸ್ತಕ ತೆರೆಯುತ್ತಿದ್ದವಳು ನಾನು, ಬಿಡುತ್ತೇನೆಯೇ? ಮೊದಲ ಸುಗ್ರೀವಾಜ್ಞೆ: ಮಾವನಿಗೆ ಹಾಲು ಮೊಸರು ಬಂದ್. ಎರಡನೆಯದು: ಬೆಳಿಗ್ಗೆ ನುಣ್ಣಗಿನ ಓಟ್ಸ್ ಪುಡಿಯ ಗಂಜಿ, ಜೊತೆಗೆ ದಿನಕ್ಕೆ ಮೂರು ಲೋಟ ಓಟ್ಸ್ ಹಾಲು. ಹಾಲಿನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಭಯವಾಣಿ: ‘ಸಕ್ಕರೆ ಸೇರಿಸಿಲ್ಲ’.

“ಏನಮ್ಮಾ ಇದು?”

“ಓಟ್ಸು, ಮಾವ.”

“ನಡೆಯೋಕೇ ತಡವರಿಸ್ತೀನಿ, ನನಗೆ ಓಟ ಬೇರೆ!”

“ಹಾಲಿನ ಹಾಗೇ ಇದೆ, ಕುಡೀರಿ.”

“ಓಟ್ಸಿಗೆ ಕೆಚ್ಚಲು ಎಲ್ಲಿರತ್ತಮ್ಮಾ?” ಎಂದು ಗೊಣಗುತ್ತಲೇ ಕುಡಿದರು.

ಮೊದಲ ವಾರ ನೂರ ತೊಂಬತ್ತು. ಎರಡನೆಯ ವಾರ ಇನ್ನೂರ ಹತ್ತು. ಆಮೇಲೆ ಇನ್ನೂರ ನಲವತ್ತು. ಅಂದರೆ ಕಳ್ಳತನವೇ! ಅವರ ಅಂಗಿಯ ಜೇಬು, ಹೊಲಿಗೆ ಯಂತ್ರದ ಖಾನೆ ಎಲ್ಲ ಜಾಲಾಡಿದೆ. ಸಿಕ್ಕಿದ್ದು ಒಂದು ಖಾಲಿ ದಾರದ ರೀಲು.

“ಮಾವ, ನಿಜ ಹೇಳಿ. ಕದ್ದು ಏನು ತಿಂತಿದ್ದೀರಿ?”

“ನಿನ್ನ ಬೈಗಳು ತಿಂತಿದ್ದೀನಿ. ಅದರಲ್ಲೂ ಸಕ್ಕರೆ ಇರತ್ತಾ?”

“ರೀ, ನೀವಾದ್ರೂ ಏನಾದ್ರೂ ಹೇಳ್ರೀ!”

“ಓಟ್ಸಿನ ವಿಷಯದಲ್ಲಿ ನನಗೆ ಓಟಿಲ್ಲ ಕಣೇ,” ಎಂದು ಪತಿರಾಯರು ಪೇಪರಿನ ಹಿಂದೆ ಅಂತರ್ಧಾನರಾದರು.

ಮಾವ ಬೆರಳು ಚಾಚಿದರು. “ನಲವತ್ತು ವರ್ಷ ಸೂಜಿ ಜೊತೆ ಸಂಸಾರ ಮಾಡಿದ ಬೆರಳು. ಚುಚ್ಚಮ್ಮಾ, ಚುಚ್ಚು.” ಆಮೇಲೆ ಮೆಲ್ಲಗೆ ಕೇಳಿದರು, “ಗುಂಡಿ ಮೂಗು ನಿನ್ನ ಹಾಗಿದೆಯಾ, ನನ್ನ ಮಗನ ಹಾಗಾ? ಮುಟ್ಟಿ ನೋಡಿದ್ರೆ ಗೊತ್ತಾಗ್ತಿಲ್ಲ.”

ಮರುದಿನವೇ ನಾನು ಆರೋಪಿಯನ್ನು ಆಸ್ಪತ್ರೆಗೆ ಕರೆದೊಯ್ದೆ. ಪಥ್ಯ ಹೇಳುವ ಸಿಸ್ಟರ್ ಮುಂದೆ ಮಾವ ತಿನ್ನುವುದು ಕುಡಿಯುವುದನ್ನೆಲ್ಲ ಒಪ್ಪಿಸಿ, ನನ್ನ ಡಬ್ಬವನ್ನು ಕಿರೀಟದಂತೆ ಇಟ್ಟೆ. ಆಕೆ ತಿರುಗಿಸಿ ಓದಿದಳು.

“‘ಸೇರಿಸಿಲ್ಲ’ ಅಂತಿದೆ. ‘ಇಲ್ಲ’ ಅಂತ ಎಲ್ಲಿದೆ? ಓಟ್ಸನ್ನ ಹೀಗೆ ಹಾಲು ಮಾಡುವಾಗ ಅದರ ಪಿಷ್ಟವೇ ಒಡೆದು ಸಕ್ಕರೆ ಆಗತ್ತೆ. ನುಣ್ಣಗಿನ ಪುಡಿಯೂ ಅಷ್ಟೇ, ಬೇಗ ರಕ್ತಕ್ಕೆ ಇಳಿಯತ್ತೆ. ಇದಕ್ಕಿಂತ ಒಂದು ಬಟ್ಟಲು ಸಪ್ಪೆ ಮೊಸರು ಎಷ್ಟೋ ವಾಸಿ. ಮೂರು ಲೋಟ ಕುಡೀರಿ ಅಂತ ಯಾವ ಮಹಾನುಭಾವರು ಹೇಳಿದ್ದು?”

ಮಹಾನುಭಾವೆಯಾದ ನಾನು ಡಬ್ಬವನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದೆ.

“ಯಾರೂ ಹೇಳಿಲ್ಲ ಸಿಸ್ಟರ್, ನಾನೇ,” ಎಂದರು ಮಾವ. “ರುಚಿ ಹತ್ತಿಬಿಡ್ತು. ಸೊಸೆ ಬೇಡ ಬೇಡ ಅಂದ್ಲು.”

“ಏನಜ್ಜ ನೀವು! ಇಷ್ಟು ಓದಿದ ಸೊಸೆ ಇದ್ದಾರೆ. ಇನ್ಮೇಲೆ ಅವರು ಹೇಳಿದ್ದು ಕೇಳಿ.”

“ಕೇಳಿದ್ದಕ್ಕೇ...” ಎಂದು ಆರಂಭಿಸಿ, ಕೆಮ್ಮಿನಲ್ಲಿ ಮುಗಿಸಿದರು.

ಹೊರಗೆ ಬಂದಮೇಲೆ ಕೇಳಿದೆ, “ಯಾಕೆ ಮಾವ ಸುಳ್ಳು ಹೇಳಿದ್ರಿ?”

“ಕಳ್ಳ ಅನ್ನೋ ಬಿರುದು ನೀನು ಕೊಟ್ಟಾಗಿತ್ತು. ಸುಳ್ಳ ಅನ್ನೋದೂ ಸೇರಲಿ ಅಂತ.”

ಮೊಸರು ಮರಳಿ ಬಂತು. ಓಟ್ಸು ತರಿಯಾಗಿ, ಹಿಡಿಯಷ್ಟೇ ಉಳಿಯಿತು. ಮಾತ್ರೆಯೂ ಜೊತೆಗೂಡಿ ಸಕ್ಕರೆ ನೂರೈವತ್ತಕ್ಕೆ ಇಳಿದದ್ದೇ ತಡ, ಆಪರೇಷನ್ನೂ ಆಯಿತು.

ಕಟ್ಟು ಬಿಚ್ಚಿದ ಬೆಳಿಗ್ಗೆ ಮಗುವನ್ನು ಅವರೆದುರು ನಿಲ್ಲಿಸಿದೆವು. ಮಾಡಿದ್ದಕ್ಕೆ ಪ್ರಾಯಶ್ಚಿತ್ತವೆಂದು, ಅವರ ಯಂತ್ರದಲ್ಲೇ ಗುಟ್ಟಾಗಿ ನಾಲ್ಕು ಮಧ್ಯಾಹ್ನ ಕೂತು ನಾನೇ ಹೊಲಿದ ಹಳದಿ ಫ್ರಾಕು ಹಾಕಿದ್ದೆ. ಮಾವ ನೋಡಿದರು. ನೋಡುತ್ತಲೇ ಇದ್ದರು. ನನ್ನ ಗಂಡ ಕರವಸ್ತ್ರ ತೆಗೆದರು.

“ಮೂಗು ನಿನ್ನದೇ,” ಎಂದರು ಮಾವ ಕೊನೆಗೆ. ಆಮೇಲೆ ಹುಬ್ಬು ಗಂಟಿಕ್ಕಿತು. “ಈ ಫ್ರಾಕು ಹೊಲಿದ ಪಾಪಿ ಯಾರು? ಒಂದು ತೋಳು ಭುಜದಲ್ಲಿದೆ, ಇನ್ನೊಂದು ಬೆನ್ನಿಗೆ ಹೊರಟಿದೆ! ಬಿಚ್ಚಿಡಮ್ಮಾ. ಡಾಕ್ಟರು ಹೂಂ ಅಂದ ದಿನ ನಾನೇ ಹೊಲೀತೀನಿ.”

ನಾನು ಅತ್ತೆ. ಮಾವನೆದುರು ಸೊಸೆ ಅತ್ತೆಯಾದದ್ದು ಆ ಮನೆಯಲ್ಲಿ ಅದೇ ಮೊದಲು. ಹೊಲಿದವಳು ಯಾರೆಂದು ಮಾತ್ರ ನಾನು ಬಾಯಿ ಬಿಡಲಿಲ್ಲ.

“ಪಕ್ಕದ ಬೀದಿ ಅಂಗಡಿಯವನು, ಮಾವ,” ಎಂದೆ.